ಎಚ್ಚರಿಕೆಯೋ ಹೀಯಾಳಿಕೆಯೋ?

ಜನರಿಗೆ ಹಿತವನ್ನು ಹೇಳುವದು ಸರಕಾರದ ಕರ್ತವ್ಯವು. ಆ ಹಿತವು ಜನರ ಮನಸ್ಸನ್ನು ಮುಟ್ಟುವಂತೆ ಹೇಳುವದು ಅದೇ ಕರ್ತವ್ಯದ ಉಳಿದರ್ಧವು. ಕೋವಿಡ್ ಪಿಡುಗಿನ ಕಾಲದಲ್ಲಿ ಮೊದಲನೆಯದು ತಕ್ಕಮಟ್ಟಿಗೆ ನೆರವೇರಿತು, ಎರಡನೆಯದು ನೆರವೇರಲಿಲ್ಲ. ಸ್ಥೂಲಕಾಯರ ವಿಷಯವು ಇದಕ್ಕೊಂದು ನಿದರ್ಶನವೆಂದು ನಮ್ಮ ಅಭಿಪ್ರಾಯ. ಆ ತುರ್ತುಪರಿಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆತಂಕವಡಗಿದ ಬಳಿಕವೇ ಅಂದಿನ ತಪ್ಪನ್ನು ವಿಚಾರಿಸುವದು ಯೋಗ್ಯ. ಮುಂದಿನ ಪಿಡುಗು ಬಾಗಿಲಿಗೆ ಬಂದಾಗ ವಿಚಾರಕ್ಕೆ ವೇಳೆಯಿರಲಾರದು.

2020ರ ಮಾರ್ಚ್ 10ರಂದು ಕಲಬುರ್ಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೋವಿಡಿನಿಂದಾದ ಮೊದಲನೆಯ ಮರಣವದು. ಕಲಬುರ್ಗಿಯ ಗಡಿಗೆ ಹತ್ತಿಕೊಂಡ ಸಿಂದಗಿ, ಇಂಡಿ ತಾಲೂಕುಗಳಿಗೆ ಈ ಬೇನೆಯು ಪರದೇಶದ ಸುದ್ದಿಯಾಗಿ ಉಳಿಯಲಿಲ್ಲ. ಬಾಯಿ ಮೂಗು ಮುಚ್ಚಿಕೊಳ್ಳಿರಿ, ದೂರ ನಿಲ್ಲಿರಿ, ಕೈ ತೊಳೆಯಿರಿ ಎಂಬ ಬೋಧೆಯ ಹಿಂದೆಯೇ ಸ್ಥೂಲಕಾಯರಿಗೆ ಅಪಾಯವು ಹೆಚ್ಚೆಂಬ ಮಾತೂ ಬಂದಿತು. ಮಾತು ಸತ್ಯವೇ. ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತುವದರಿಂದ ಶ್ವಾಸಕೋಶವು ಪೂರ್ಣವಾಗಿ ಹಿಗ್ಗಲಾರದು. ಸಕ್ಕರೆ ಬೇನೆ, ರಕ್ತದೊತ್ತಡಗಳೂ ಅದರ ಜೊತೆಗೂಡಿ ಬರುವದುಂಟು. ಆದರೆ ಈ ಸತ್ಯವು ಯಾರನ್ನು ಕುರಿತದ್ದೋ ಅವರ ಕಿವಿಗೆ ಹೇಗೆ ಬಿದ್ದಿತೆಂಬದನ್ನು ಯಾರೂ ವಿಚಾರಿಸಲಿಲ್ಲ.

ಅನೇಕರ ಕಿವಿಗೆ ಅದು ಬೀಳಲೇ ಇಲ್ಲವೆನ್ನಬೇಕು. ನಮ್ಮದು ಬರವನ್ನುಂಡ ನಾಡು. 1876–78ರ ಮಹಾಕ್ಷಾಮದಲ್ಲಿ, ಅಂದು ಕಲಾದಗಿ ಜಿಲ್ಹೆಯೆನಿಸಿದ್ದ ಈ ಸೀಮೆಯು ಪಟ್ಟ ಪಾಡು ಇತಿಹಾಸಕ್ಕೆ ಗೊತ್ತಿದೆ. ಇಂಥ ನೆಲದಲ್ಲಿ ಮೈ ತುಂಬಿಕೊಳ್ಳುವದೆಂದರೆ ಮನೆ ತುಂಬಿರುವದರ ಗುರುತು. ತವರಿಗೆ ಬಂದ ಮಗಳನ್ನು ‘ಸೊರಗೀಯಲ್ಲವ್ವಾ’ ಎಂದು ಮರುಗುವ ತಾಯಿಗೆ ತುಂಬಿದ ಮೈಯೂ ಬೇನೆಯಾಗಬಲ್ಲದೆಂದು ಹೊಳೆಯುವದು ಹೇಗೆ? ಮೇಲಾಗಿ ಭಾರತೀಯರ ಮೈಗೆ ಅಪಾಯವು ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲಿಯೇ ತಲೆದೋರುವದು. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕವು ಅವರಲ್ಲಿ 30 ಆದರೆ ಸ್ಥೂಲಕಾಯವೆನ್ನುವರು. ನಮ್ಮ ವೈದ್ಯರು 25ಕ್ಕೇ ಹಾಗೆನ್ನುವರು. ಆದುದರಿಂದ ಕೇಳಿದವನು ‘ಇದು ನನಗಲ್ಲ’ವೆಂದು ಸುಮ್ಮನಾದರೆ ತಪ್ಪು ಅವನದಲ್ಲ.

ಇನ್ನು ಕೆಲವರಿಗೆ ಮಾತು ತಿಳಿಯಿತು. ಆದರೆ ಅವಮಾನವಾಗಿ ತಿಳಿಯಿತು. ಪೇಟೆಯ ಒಬ್ಬ ಸ್ಥೂಲಕಾಯದ ವ್ಯಾಪಾರಿಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಮೊದಲೇ ಕಟ್ಟೆಯ ಮೇಲಿನವರ ನಗೆಗೀಡಾದವನು. ಈಗ ‘ಮೊದಲು ನಿನ್ನದೇ ಪಾಳಿ’ ಎಂಬ ಕುಚೋದ್ಯವನ್ನೂ ಕೇಳಬೇಕಾಗಿ ಬಂದರೆ ಜ್ವರ ಬಂದಾಗ ಅವನು ದವಾಖಾನೆಗೆ ಓಡುವನೇ? ಅಲ್ಲಿಯೂ ‘ಮೈ ಇಳಿಸು’ ಎಂಬ ಗದರಿಕೆಯೇ ಕಾದಿದೆಯೆಂದು ಮನೆಯಲ್ಲಿಯೇ ಮಲಗುವನು. 2020ರ ಮಾರ್ಚಿನಲ್ಲಿಯೇ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಅನೇಕ ದೇಶಗಳ ತಜ್ಞರು ಒಂದುಗೂಡಿ, ಸ್ಥೂಲಕಾಯವು ಕೇವಲ ಆಲಸ್ಯದ ಫಲವಲ್ಲವೆಂದೂ ಹೀಯಾಳಿಕೆಯು ರೋಗಿಯನ್ನು ಚಿಕಿತ್ಸೆಯಿಂದ ದೂರ ಮಾಡುವದೆಂದೂ ಸಾರಿದ್ದರು. ನಮಗೆ ಈ ಪಾಠವು ಹೊಸದಲ್ಲ. ಮುಂಬಯಿ ಇಲಾಖೆಯ ಪ್ಲೇಗಿನ ಕಾಲದಲ್ಲಿ ಪರಕೀಯ ಸರಕಾರವು ಮನೆ ಹೊಕ್ಕು ಶೋಧಿಸಿದಾಗ ಜನರು ರೋಗಿಗಳನ್ನು ಬಚ್ಚಿಟ್ಟರು. ಅಂದಿನ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಬಳಸಲಾಯಿತು. ಕಾಯಿದೆ ಹಳೆಯದಾದರೂ ನಡೆನುಡಿ ಸ್ವರಾಜ್ಯಕ್ಕೆ ಒಪ್ಪುವಂತಿರಬೇಡವೇ?

ಬೋಧೆಗೂ ವ್ಯವಸ್ಥೆಗೂ ಹೊಂದಿಕೆಯಿರಲಿಲ್ಲವೆಂಬದು ಮತ್ತೊಂದು ದೋಷ. ನಡೆದಾಡಿರಿ ಎಂದವರೇ ಮನೆ ಬಿಟ್ಟು ಹೊರಡಬೇಡಿರಿ ಎಂದರು. ಅಪಾಯವು ಹೆಚ್ಚೆಂದು ಹೇಳಿಸಿಕೊಂಡವರಿಗೆ ರಕ್ಷಣೆಯಾದರೂ ಮೊದಲು ದೊರೆಯಿತೇ? 2021ರ ಮಾರ್ಚ್ 1ರಿಂದ 45 ವರ್ಷ ಮೀರಿದ ರೋಗಪೀಡಿತರಿಗೆ ಲಸಿಕೆಯನ್ನು ಕೊಡತೊಡಗಿದಾಗ ಕೇಂದ್ರವು ಹೊರಡಿಸಿದ 20 ಬೇನೆಗಳ ಯಾದಿಯಲ್ಲಿ ಸ್ಥೂಲಕಾಯದ ಹೆಸರಿರಲಿಲ್ಲ. ಇಂಗ್ಲಂಡದ ಯಾದಿಯಲ್ಲಿ ಅತಿಸ್ಥೂಲಕಾಯಕ್ಕೆ ಸ್ಥಾನವಿದ್ದಿತು. ಆದರೆ ಆ ದೇಶವೂ ಎಡವದೆ ಇರಲಿಲ್ಲ. ತಾನೇ ಬೇನೆ ಬಿದ್ದು ಎದ್ದ ಪ್ರಧಾನಿ ಜಾನ್ಸನ್ನರು 2020ರ ಜುಲೈದಲ್ಲಿ ತೂಕವಿಳಿಸುವ ಚಳವಳಿಯನ್ನು ಹೂಡಿದರು. ತೂಕವು ತಿಂಗಳೊಪ್ಪತ್ತಿನಲ್ಲಿ ಇಳಿಯುವ ಹೊರೆಯಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಲು ಹೇಳಿದರೆ ಕೇಳಿದವನಿಗೆ ದಿಗಿಲು ಹುಟ್ಟೀತೇ ಹೊರತು ಧೈರ್ಯ ಹುಟ್ಟದು.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಪಿಡುಗಿನ ದಿನಗಳಲ್ಲಿ ಸ್ಥೂಲಕಾಯರಿಗೆ ಆ ದಿನವೇ ಮಾಡಬಹುದಾದುದನ್ನು ಹೇಳಬೇಕು: ಜ್ವರ ಬಂದರೆ ಬೇಗ ಬನ್ನಿರಿ, ಉಸಿರು ಕಟ್ಟಿದರೆ ತಡಮಾಡಬೇಡಿರಿ, ಸಕ್ಕರೆಯ ಔಷಧವನ್ನು ಬಿಡಬೇಡಿರಿ, ಲಸಿಕೆಗೆ ಮೊದಲು ನೀವು ಬನ್ನಿರಿ ಎಂದು. ಮೈ ಇಳಿಸುವ ಮಾತು ಶಾಂತಿಕಾಲದ್ದು. ಅದಕ್ಕೆ ಇದೇ ಸಮಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನವರಲ್ಲಿ ಸ್ತ್ರೀಯರೇನು ಪುರುಷರೇನು, ಪ್ರತಿಶತ ಸುಮಾರು 30 ಜನರ ತೂಕವು ಮಿತಿಮೀರಿದ್ದಿತು. ನಾಲ್ಕೂ ತಾಲೂಕುಗಳ ಆಶಾ ಕಾರ್ಯಕರ್ತೆಯರು ಊರವರ ಮಾತಿನಲ್ಲಿಯೇ, ನಗೆಯಿಲ್ಲದೆ, ಇದನ್ನು ತಿಳಿಸಬೇಕು. ತೂಕವನ್ನು ನಾಲ್ವರೆದುರು ಕೂಗಿ ಹೇಳಕೂಡದು. ದಪ್ಪ ತೋಳಿಗೆ ಹಿಡಿಸುವ ರಕ್ತದೊತ್ತಡದ ಪಟ್ಟಿಯೂ ದವಾಖಾನೆಗಳಲ್ಲಿರಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯಗಳ ನಾಡಿಗೆ ಪಥ್ಯವನ್ನು ಹೊರಗಿನಿಂದ ತರಬೇಕಾಗಿಲ್ಲ. ಸಂಜೆ ಹೆಂಗಸರು ನಿರ್ಭಯದಿಂದ ನಡೆದಾಡುವಂಥ ಬಯಲನ್ನೂ ಬೆಳಕನ್ನೂ ಪುರಸಭೆಗಳು ಒದಗಿಸಲಿ.

ಹೋರಾಟವು ರೋಗದೊಡನೆಯೇ ಹೊರತು ರೋಗಿಯೊಡನೆಯಲ್ಲವೆಂದು 2020ರಲ್ಲಿ ಪ್ರತಿಯೊಂದು ಫೋನಿನಲ್ಲಿಯೂ ಸರಕಾರವು ಸಾರುತ್ತಿದ್ದಿತು. ಆ ಮಾತು ಸ್ಥೂಲಕಾಯರಿಗೂ ಸಲ್ಲತಕ್ಕದ್ದು. ಅಧಿಕಾರಿಗಳೂ ನಾಗರಿಕರೂ ಇದನ್ನು ನೆನಪಿನಲ್ಲಿಟ್ಟರೆ ಮುಂದಿನ ಎಚ್ಚರಿಕೆಯ ಗಂಟೆಯನ್ನು ಕೇಳಿ ಜನರು ಬಾಗಿಲು ಮುಚ್ಚಿಕೊಳ್ಳದೆ ದವಾಖಾನೆಯ ದಾರಿ ಹಿಡಿದಾರು.