ವಿಡಿಯೋ ಅಂಗಡಿ ಹೋಯಿತು, ಸುರುಳಿ ಉಳಿದಿದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಯಲ್ಲಿ ಇಂದು ಸಿನಿಮಾ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡುವ ಅಂಗಡಿಯನ್ನು ಅರಸಿ ಹೊರಡುವುದು ವ್ಯರ್ಥವೇ ಸರಿ. ಆದರೆ ನಡುವಯಸ್ಸು ದಾಟಿದ ವಾಚಕರಲ್ಲಿ ಅದರ ನೆನಪು ಇನ್ನೂ ಮಾಸಿಲ್ಲ. ಟಿ.ವಿ., ವಿ.ಸಿ.ಆರ್. ಮತ್ತು ಮೂರು ಕ್ಯಾಸೆಟ್ಟುಗಳನ್ನು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತರುವುದು, ಓಣಿಯವರೆಲ್ಲ ವರ್ಗಣಿ ಕೂಡಿಸಿ ಅಂಗಳದಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ನೋಡುವುದು, ನಡುವೆ ಕರೆಂಟು ಹೋದರೆ ಅದು ಬರುವ ತನಕ ಎದ್ದೇ ಕಾಯುವುದು: 1980ರ ದಶಕದ ಈ ನೋಟವನ್ನು ಕಾಣದ ತಾಲೂಕು ಕನ್ನಡನಾಡಿನಲ್ಲಿ ವಿರಳ.

ಈ ವ್ಯಾಪಾರ ಬೆಳೆದುದರ ಕಾರಣ ಸ್ಪಷ್ಟವಾಗಿದೆ. ಜಪಾನಿನ ಜೆ.ವಿ.ಸಿ. ಕಂಪನಿಯು ವಿ.ಎಚ್.ಎಸ್. ಪದ್ಧತಿಯನ್ನು 1976ರಲ್ಲಿ ಮಾರುಕಟ್ಟೆಗೆ ತಂದಿತು. 1982ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮಲ್ಲಿ ವರ್ಣ ದೂರದರ್ಶನವೂ ಬಂದಿತು. ಯಂತ್ರವನ್ನು ಕೊಳ್ಳುವ ಶಕ್ತಿ ಕೆಲವರಿಗಷ್ಟೇ; ನೋಡುವ ಆಸೆ ಎಲ್ಲರಿಗೂ. ಈ ಅಂತರದಲ್ಲಿಯೇ ಬಾಡಿಗೆಯ ಅಂಗಡಿ ಹುಟ್ಟಿತು. ಇಂಥ ಅಂಗಡಿಗಳಲ್ಲಿ ಕಳ್ಳಪ್ರತಿಗಳೂ ಸಾಕಷ್ಟು ಇರುತ್ತಿದ್ದವೆಂಬುದನ್ನು ಮರೆಮಾಚಬೇಕಿಲ್ಲ. 1984ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ ಶಿಕ್ಷೆಯನ್ನು ಹೆಚ್ಚಿಸಬೇಕಾಯಿತು. ಮುಂದೆ ಕೇಬಲ್ ವಾಹಿನಿಗಳು, ಬಳಿಕ ಅಗ್ಗದ ವಿ.ಸಿ.ಡಿ.ಗಳು, ಕೊನೆಗೆ ಅಂಗೈಯೊಳಗಿನ ಮೊಬೈಲು ಬಂದವು. ಅಂತರ ಮುಚ್ಚಿತು, ಅಂಗಡಿಯೂ ಮುಚ್ಚಿತು. ಇದಕ್ಕಾಗಿ ಕಣ್ಣೀರು ಸುರಿಸಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿ ದೊರೆಯುತ್ತಿದ್ದ ಸಿನಿಮಾಗಳಲ್ಲಿ ಬಹಳಷ್ಟು ಇಂದು ಬೇರೆಡೆ ಸಿಗುತ್ತವೆ.

ನಮ್ಮ ಚಿಂತೆ ಬೇರೆ. ಆ ಯಂತ್ರದ ಬೆನ್ನಿಗೇ ವಿಡಿಯೋ ಕ್ಯಾಮರಾ ಕೂಡ ಊರಿಗೆ ಬಂದಿತು. ಮದುವೆ, ಜಾತ್ರೆ, ಶ್ರೀಕೃಷ್ಣ ಪಾರಿಜಾತದ ಆಟ, ಹಿರಿಯರ ಮಾತು ಇವೆಲ್ಲ ಅದೇ ಬಗೆಯ ಸುರುಳಿಯಲ್ಲಿ ಸೆರೆಯಾದವು. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡನೆಯ ಪ್ರತಿಯೇ ಇಲ್ಲ. ಇದೇ ಸೀಮೆಯ ಆಲಮಟ್ಟಿಯಲ್ಲಿ 2005ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿಗೆ ಕೃಷ್ಣೆಯ ದಂಡೆಯ ಅನೇಕ ಹಳ್ಳಿಗಳು ಆಹುತಿಯಾದವು. ಅಲ್ಲಿಂದ ಎದ್ದುಬಂದ ಮನೆತನವೊಂದರ ಟ್ರಂಕಿನಲ್ಲಿ ಮದುವೆಯ ಕ್ಯಾಸೆಟ್ಟು ಇದ್ದರೆ, ಅದರಲ್ಲಿ ಮದುಮಕ್ಕಳ ಹಿಂದೆ ಕಾಣುವ ಅಗಸಿ, ಗುಡಿ, ಬೀದಿಗಳು ಈಗ ನೀರಿನಡಿ ಇವೆ.

ಈ ಸುರುಳಿ ಶಾಶ್ವತವೆಂದು ಯಾರೂ ನಂಬಬಾರದು. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ಕಾಂತೀಯ ಪುಡಿಯನ್ನು ಅಂಟಿನೊಡನೆ ಲೇಪಿಸಿರುತ್ತಾರೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 250 ಮೀಟರು. ನಿಮಿಷಕ್ಕೆ 1500 ಸುತ್ತು ತಿರುಗುವ ಉರುಳೆಯ ಮೇಲಿನ ಹೆಡ್ಡುಗಳು ಅದನ್ನು ಸವರುತ್ತ ಸೆಕೆಂಡಿಗೆ 25 ಚಿತ್ರಗಳನ್ನು ಓದುತ್ತವೆ. ಗಾಳಿಯ ತೇವಕ್ಕೆ ಅಂಟು ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಪುಡಿ ಉದುರಿದಲ್ಲಿ ಚಿತ್ರವೂ ಹೋಯಿತು. ಸುರುಳಿ ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಬೇಕಲ್ಲವೆ? ವಿ.ಸಿ.ಆರ್. ತಯಾರಕರಲ್ಲಿ ಕೊನೆಯದೆನಿಸಿದ ಜಪಾನಿನ ಫುನಾಯ್ ಕಂಪನಿ 2016ರಲ್ಲಿಯೇ ಆ ಕೆಲಸವನ್ನು ನಿಲ್ಲಿಸಿತು.

ಹಾಗಾದರೆ ಮಾಡಬೇಕಾದುದೇನು? ಪ್ರತಿ ತಾಲೂಕಿನ ಒಂದು ಕಾಲೇಜಿನಲ್ಲಾದರೂ ದುರಸ್ತಿ ಮಾಡಿದ ವಿ.ಸಿ.ಆರ್. ಒಂದನ್ನು ಕಂಪ್ಯೂಟರಿಗೆ ಜೋಡಿಸಿಡಲಿ. ಜನರು ತಂದ ಕ್ಯಾಸೆಟ್ಟುಗಳನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಡಿಜಿಟಲ್ ಪ್ರತಿ ಮಾಡಿಕೊಡಲಿ. ಮನೆಯವರು ಒಪ್ಪಿದರೆ ಇನ್ನೊಂದು ಪ್ರತಿ ಊರಿನ ಗ್ರಂಥಾಲಯದಲ್ಲಿರಲಿ. ಅಲ್ಲಿಯವರೆಗೆ ಕ್ಯಾಸೆಟ್ಟನ್ನು ತಂಪಾದ, ತೇವವಿಲ್ಲದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿರಿ. ಬೂಷ್ಟು ಹಿಡಿದುದನ್ನು ಯಂತ್ರಕ್ಕೆ ಹಾಕದಿರಿ. ಅದರ ಮೇಲೆ ಬೇರೇನೂ ಮುದ್ರಣವಾಗದಂತೆ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಡಿರಿ.

ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಊರೆಲ್ಲ ನೋಡಿದ ಚಿತ್ರಕ್ಕೇ ಈ ಗತಿಯಾದರೆ ಟ್ರಂಕಿನೊಳಗಿನ ಕ್ಯಾಸೆಟ್ಟಿನ ಪಾಡೇನು? ಅದನ್ನು ಉಳಿಸಿಕೊಳ್ಳುವ ಕಾಲ ಇನ್ನೂ ಮೀರಿಲ್ಲ. ಆದರೆ ಬಹುದಿನ ಕಾಯುವುದೂ ಇಲ್ಲ.