ನಮ್ಮ ನೆಲದಲ್ಲೇ ಕನ್ನಡಕ್ಕೆ ಬೆಳಗಿನ ಆಟವೇ?

ಕನ್ನಡಿಗರೇ, ಲೆಕ್ಕ ಕೇಳಿ. ಕಳೆದ ತಿಂಗಳ ನಾಲ್ಕು ಭಾನುವಾರವೂ ಕನ್ನಡ ಚಿತ್ರ ನೋಡಿಯೇ ತೀರುವೆನೆಂದು ಹೊರಟವನು ನಾನು. ಬೆಂಗಳೂರಿನ ಮಾಲೊಂದರಲ್ಲಿ ಕನ್ನಡಕ್ಕಿದ್ದದ್ದು ಬೆಳಿಗ್ಗೆ ಹತ್ತರ ಒಂದೇ ಆಟ. ಸಂಜೆಯ ತೆರೆಗಳೆಲ್ಲ ಪರಭಾಷೆಗೆ! ಮೂರನೇ ವಾರ ಆ ಒಂದು ಆಟವೂ ಮಾಯ. (ಅದರ ಪೋಸ್ಟರಿನ ಮಸಿ ನಮ್ಮ ಪ್ರೆಸ್ಸಿನಲ್ಲಿ ಇನ್ನೂ ಒಣಗಿರಲಿಲ್ಲ.) ಕೇಳಿದರೆ, ಜನ ಬರುವುದಿಲ್ಲವಂತೆ. ಉತ್ತರವೂ ಹಿಂದಿಯಲ್ಲಿ! ವಾರದ ದಿನಗಳಲ್ಲೂ ಅದೇ ಹತ್ತು ಗಂಟೆ. ಮೆಷಿನ್ ಓಡಿಸುವ ನನ್ನ ಹುಡುಗರು ಆ ಹೊತ್ತಿಗೆ ಹೇಗೆ ಬರಬೇಕು ಸ್ವಾಮಿ?

ಗಾಂಧಿ ಕ್ಲಾಸಿನವನಿಗೂ ಜಾಗವಿದ್ದ ಕಪಾಲಿ 2017ರಲ್ಲೇ ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ, ತೆರಿಗೆ ಬಿಟ್ಟು, 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಓಡಿ ಅದೇ ತಿಂಗಳು ತಡೆಯಾಜ್ಞೆ ತಂದರು. ಅವರ ಜೊತೆ ನಮ್ಮದೇ ಹೊಂಬಾಳೆ ಫಿಲ್ಮ್ಸ್! ಕನ್ನಡದ ಬಡ ಪ್ರೇಕ್ಷಕನ ಶಿಳ್ಳೆ ಬೇಕು, ಅವನ ಜೇಬಿನ ಚಿಂತೆ ಬೇಡವೇ?

2015ರಲ್ಲಿ ಮಹಾರಾಷ್ಟ್ರ ಮಲ್ಟಿಪ್ಲೆಕ್ಸುಗಳಲ್ಲಿ ಮರಾಠಿಗೆ ಸಂಜೆಯ ಆಟ ಕಡ್ಡಾಯವೆಂದಿತು. ಆಮೇಲೆ ಹೊತ್ತನ್ನು ಸಡಿಲಿಸಿತು, ನಿಜ. ಆದರೂ ಬಾಯಿ ಬಿಟ್ಟಿತಲ್ಲ! ಸಂಜೆ ಆರೂವರೆಯ ಒಂದು ಆಟ ಕನ್ನಡಕ್ಕೆ ಕಡ್ಡಾಯ ಮಾಡಲು ವಿಧಾನಸೌಧಕ್ಕೆ ಯಾರ ಅಂಜಿಕೆ?