‘ಸೋಲಾರ್ ಬೇಲಿಗೆ ಬಲಿ’ ಎಂಬ ಹೆಡ್ಡಿಂಗ್ ಯಾರನ್ನು ಕಾಪಾಡುತ್ತಿದೆ?

ಹಾಸನ, ಕೊಡಗು, ಮೈಸೂರು, ಚಾಮರಾಜನಗರದ ಕಾಡಂಚಿನ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಈ ಹೆಡ್ಡಿಂಗ್ ಹೊಸದಲ್ಲ. ‘ಸೋಲಾರ್ ಬೇಲಿ ತಗುಲಿ ರೈತ ಸಾವು’, ‘ಸೋಲಾರ್ ಬೇಲಿಗೆ ಆನೆ ಬಲಿ’. ಹೆಸರು, ಊರು, ವಯಸ್ಸು ಬದಲಾಗುತ್ತದೆ, ವಾಕ್ಯ ಮಾತ್ರ ಹಾಗೇ ಇರುತ್ತದೆ. ಠಾಣೆಯಿಂದ ಬಂದ ಎರಡು ಸಾಲು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ, ಡೆಸ್ಕ್‌ಗೆ ಹೋಗಿ, ಬೆಳಿಗ್ಗೆ ಅದೇ ಎರಡು ಸಾಲಾಗಿ ಅಚ್ಚಾಗುತ್ತದೆ.

ನನ್ನ ತಕರಾರು ಇಷ್ಟೇ. ಈ ಸಾವುಗಳಲ್ಲಿ ಹೆಚ್ಚಿನವು ಸೋಲಾರ್ ಬೇಲಿಯಿಂದ ಆದವಲ್ಲ. ಸೋಲಾರ್ ಬೇಲಿ ಅಂತ ಕಾಣುವ ತಂತಿಗೆ ಯಾರೋ ಪಂಪ್‌ಸೆಟ್ ಸ್ಟಾರ್ಟರ್‌ನಿಂದಲೋ, ಮನೆಯ ಮೀಟರ್ ಬೋರ್ಡಿನಿಂದಲೋ, ಕಂಬದಿಂದಲೋ ಡೈರೆಕ್ಟ್ ಲೈನ್ ಕೊಟ್ಟಿರುತ್ತಾರೆ. ಕೊಂದದ್ದು ಆ ಲೈನು. ನಾವು ‘ಸೋಲಾರ್’ ಅಂತ ಬರೆದ ಕೂಡಲೇ ಲೈನ್ ಎಳೆದವನು ಪಾರಾದ. ಲೈನ್ ಎಳೆಯುವುದನ್ನು ನೋಡಿಯೂ ಸುಮ್ಮನಿದ್ದವರು ಪಾರಾದರು. ಸರಿಯಾಗಿ ಬೇಲಿ ಹಾಕಿ, ಸರಿಯಾಗಿ ನೋಡಿಕೊಳ್ಳುವ ಪಕ್ಕದ ತೋಟದವನ ಮೇಲೆ ಅನುಮಾನ ಬಿತ್ತು.

ಎರಡಕ್ಕೂ ಇರುವ ವ್ಯತ್ಯಾಸ ಅರಿಯಲು ಎಂಜಿನಿಯರ್ ಆಗಬೇಕಿಲ್ಲ. ನಮ್ಮ ಕಡೆ ಕಂಪನಿ ಹೆಸರಿನಿಂದ ‘ಐಬೆಕ್ಸ್ ಬೇಲಿ’ ಅಂತಲೇ ಕರೆಯುವ ಈ ವ್ಯವಸ್ಥೆಯಲ್ಲಿ ಒಂದು ಸೋಲಾರ್ ಪ್ಯಾನೆಲ್, ಒಂದು 12 ವೋಲ್ಟ್ ಬ್ಯಾಟರಿ, ಎನರ್ಜೈಸರ್ ಎಂಬ ಒಂದು ಮಿಷನ್ ಇರುತ್ತದೆ. ಟಕ್, ಟಕ್ ಅಂತ ಸದ್ದು ಮಾಡುವುದು ಈ ಮಿಷನ್ನೇ. ಅದು ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಒಂದು ಏಟು ಬಿಡುತ್ತದೆ. ವೋಲ್ಟೇಜ್ 5,000ದಿಂದ 10,000ದವರೆಗೂ ಇರಬಹುದು. ಕೇಳಲು ಭಯಂಕರ. ಆದರೆ ಆ ಏಟು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಆಮೇಲೆ ಸುಮಾರು ಒಂದು ಸೆಕೆಂಡ್ ತಂತಿ ಖಾಲಿ. ಮುಟ್ಟಿದವನಿಗೆ ಕೈ ಎಳೆದುಕೊಳ್ಳಲು ಆ ಒಂದು ಸೆಕೆಂಡ್ ಸಾಕು. ಎಷ್ಟು ಶಕ್ತಿಯ ಏಟು, ಎಷ್ಟು ಹೊತ್ತಿಗೊಂದು ಏಟು ಎಂಬುದಕ್ಕೆ ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ.

ಡೈರೆಕ್ಟ್ ಲೈನಿನ ಕಥೆಯೇ ಬೇರೆ. 230 ವೋಲ್ಟ್ ಮಾತ್ರ, ಆದರೆ ಅದಕ್ಕೆ ಬಿಡುವಿಲ್ಲ. ಸೆಕೆಂಡಿಗೆ 50 ಆವರ್ತನೆಯಂತೆ ಹರಿಯುತ್ತಲೇ ಇರುತ್ತದೆ. 10ರಿಂದ 20 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯು ಬಿಗಿದು, ಹಿಡಿದ ತಂತಿ ಬಿಡಲಾಗುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವನ ಮೈಯಲ್ಲಿ ಸುಮಾರು 200 ಮಿಲಿಆಂಪಿಯರ್ ಹರಿಯಬಹುದು. ಹೃದಯ ನಿಲ್ಲಲು ಅದರ ಅರ್ಧವೂ ಬೇಡ. ಫ್ಯೂಸ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು: 5 ಆಂಪಿಯರ್ ಫ್ಯೂಸ್ ಹೋಗಬೇಕಾದರೆ 5 ಆಂಪಿಯರ್ ಮೀರಬೇಕು. ಮನುಷ್ಯ ಸಾಯುವುದು ಅದರ ಹತ್ತರಲ್ಲೊಂದು ಪಾಲಿಗೂ ಮುಂಚೆ. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ಹಾಗಂತ ಎನರ್ಜೈಸರ್ ಬೇಲಿ ಪೂರ್ತಿ ನಿರಪಾಯ ಅಂತ ನಾನು ಹೇಳುತ್ತಿಲ್ಲ. ತಂತಿಯಲ್ಲಿ ಸಿಕ್ಕಿಹಾಕಿಕೊಂಡು ಹೊರಬರಲಾಗದ ಪ್ರಾಣಿಗೆ, ತಲೆಗೆ ತಂತಿ ತಗುಲಿ ಬಿದ್ದವರಿಗೆ ಅಪಾಯ ಇದೆ. ಅದಕ್ಕೇ ಮುಳ್ಳುತಂತಿಗೆ ಈ ಏಟು ಕೊಡಬಾರದು, ಒಂದೇ ಬೇಲಿಗೆ ಎರಡು ಮಿಷನ್ ಜೋಡಿಸಬಾರದು, ಜನ ಓಡಾಡುವ ಕಡೆ ಹಳದಿ ಬೋರ್ಡ್ ಇರಬೇಕು ಎಂಬ ನಿಯಮ. ಇವನ್ನು ಪಾಲಿಸದವರನ್ನೂ ಪ್ರಶ್ನಿಸೋಣ. ಆದರೆ ಎಚ್ಚರಿಸುವ ಬೇಲಿಯನ್ನೂ ಕೊಲ್ಲುವ ಬೇಲಿಯನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಪತ್ರಿಕೋದ್ಯಮ ಅಲ್ಲ.

2023ರ ಮಾರ್ಚ್‌ನಲ್ಲಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಮೂರು ಆನೆಗಳು ಹೊಲದ ತಂತಿ ತಗುಲಿ ಸತ್ತವು. ಎರಡು ಮರಿಗಳು ಬದುಕುಳಿದವು. ಅಲ್ಲಿ ತಂತಿಗೆ ಕೊಟ್ಟಿದ್ದದ್ದು ಅಕ್ರಮ ವಿದ್ಯುತ್. ಅದೇ ವರ್ಷ ತಮಿಳುನಾಡು ವಿದ್ಯುತ್ ಬೇಲಿಗಳ ನೋಂದಣಿಗೆ, ನಿಯಂತ್ರಣಕ್ಕೆ ಅಂತಲೇ ನಿಯಮ ತಂದಿತು. ನಮ್ಮಲ್ಲಿ 2024ರ ಜೂನ್‌ನಲ್ಲಿ ದಸರಾ ಆನೆ ಅಶ್ವತ್ಥಾಮ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಬಳಿ ಸತ್ತಾಗಲೂ ‘ಸೋಲಾರ್ ಬೇಲಿ’ ಎಂಬ ಪದವೇ ದಪ್ಪಕ್ಷರದಲ್ಲಿ ಓಡಾಡಿತು. ಆನೆಯನ್ನು ಬೆದರಿಸಲೆಂದು ಮಾಡಿದ ತಂತಿಯಲ್ಲಿ ಆನೆಯನ್ನೇ ಕೊಲ್ಲುವಷ್ಟು ಕರೆಂಟು ಎಲ್ಲಿಂದ ಬಂತು? ಸುದ್ದಿಯ ಮೊದಲ ಸಾಲಿನಲ್ಲಿ ಇರಬೇಕಾದ ಪ್ರಶ್ನೆ ಅದು.

ಇನ್ನು ರೈತರ ಮಾತಿಗೆ ಬರೋಣ. ಆರು ತಿಂಗಳು ಸಾಕಿದ ಶುಂಠಿಯನ್ನು, ಕಟಾವಿಗೆ ಬಂದ ಮುಸುಕಿನ ಜೋಳವನ್ನು ಒಂದೇ ರಾತ್ರಿಯಲ್ಲಿ ಹಂದಿ ಉತ್ತು ಹಾಕಿದ್ದನ್ನು ನಾನೂ ನೋಡಿದ್ದೇನೆ. ಪರಿಹಾರದ ಅರ್ಜಿ ಹಿಡಿದು ಅಲೆಯುವುದು ಏನು ಅಂತಲೂ ಗೊತ್ತು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395, ದೇಶದಲ್ಲೇ ಹೆಚ್ಚು. ಅದರ ಹೆಮ್ಮೆ ಇಡೀ ರಾಜ್ಯಕ್ಕೆ, ನಷ್ಟ ಮಾತ್ರ ಕಾಡಂಚಿನ ನಾಲ್ಕು ಎಕರೆಯವನಿಗೆ. ಈ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೆ ಆ ಸಿಟ್ಟು ಡೈರೆಕ್ಟ್ ಲೈನಿಗೆ ಸಮಜಾಯಿಷಿ ಆಗಲಾರದು. ಆ ತಂತಿಗೆ ಸಿಗುವುದು ಹಂದಿಯೊಂದೇ ಅಲ್ಲ. ಬೆಳಗಿನ ಜಾವ ನೀರು ಕಟ್ಟಲು ಹೋದ ಕೂಲಿಯಾಳು, ತಪ್ಪಿಸಿಕೊಂಡ ಕರು ಹುಡುಕಿ ಬಂದ ಪಕ್ಕದ ಮನೆಯ ಹೆಂಗಸು, ರಾತ್ರಿ ಸ್ವಿಚ್ ಹಾಕಿದ್ದನ್ನು ಮರೆತು ತಾನೇ ಬೇಲಿ ದಾಟಿದ ಯಜಮಾನ ಸಿಗುತ್ತಾರೆ. ಎಲ್ಲರಿಗಿಂತ ಮೊದಲು ಸಿಗುವುದು ನಾಯಿ. ಬೇಲಿ ಕೆಳಗೆ ನುಸುಳುವ ಅಭ್ಯಾಸ ಅದಕ್ಕೆ. ನಾಯಿ ಸತ್ತರೆ ಯಾರೂ ಠಾಣೆಗೆ ಹೋಗುವುದಿಲ್ಲ, ಗುಂಡಿ ತೆಗೆದು ಮುಚ್ಚುತ್ತಾರೆ. ಊರಿನ ನಾಯಿ ತಂತಿಗೆ ಸಿಕ್ಕಿ ಸತ್ತ ದಿನವೇ ಒಬ್ಬರು ದೂರು ಕೊಟ್ಟಿದ್ದರೆ, ಮುಂದೆ ಮನುಷ್ಯ ಸಾಯುವುದು ತಪ್ಪುತ್ತಿತ್ತು ಎನ್ನಬಹುದಾದ ಜಾಗಗಳು ಪ್ರತಿ ಹೋಬಳಿಯಲ್ಲೂ ಇವೆ.

ಹಾಗಾದರೆ ಸಹಾಯಧನದಲ್ಲಿ ಸರಿಯಾದ ಬೇಲಿ ಹಾಕಿಸಿಕೊಂಡವರೂ ಕೊನೆಗೆ ಡೈರೆಕ್ಟ್ ಲೈನ್ ಕಡೆ ಹೋಗುವುದೇಕೆ? ಬೇಲಿ ಸತ್ತಿರುತ್ತದೆ, ಅದಕ್ಕೆ. ಹಾಕಿದ ವರ್ಷ ಟಕ್ ಟಕ್ ಅಂದ ಮಿಷನ್ನು ಎರಡನೇ ಮಳೆಗಾಲದ ಹೊತ್ತಿಗೆ ಹೆಸರಿಗಷ್ಟೇ ಇರುತ್ತದೆ. ಆನೆಗೆ ಇದು ಮೊದಲು ಗೊತ್ತಾಗುತ್ತದೆ. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ತಿಳಿದು ದಂತದಿಂದಲೇ ತಂತಿ ಕೀಳುವ, ಮರ ಬೀಳಿಸಿ ಬೇಲಿ ಮಲಗಿಸುವ ಪ್ರಾಣಿ ಅದು. ಗುತ್ತಿಗೆದಾರ ಬಿಲ್ ಮಾಡಿಕೊಂಡು ಹೋದ. ಇಲಾಖೆಯ ಕಡತದಲ್ಲಿ ಫೋಟೋ ಸಮೇತ ಕಾಮಗಾರಿ ಪೂರ್ಣ. ರೈತನಿಗೆ ಬೇಲಿ ಕೊಟ್ಟರು, ಬೇಲಿ ಸರಿಮಾಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ಅದೇನು ಬ್ರಹ್ಮವಿದ್ಯೆಯಲ್ಲ. ಬರೆದೇಬಿಡುತ್ತೇನೆ.

ಮೊದಲು ಬೇಲಿಗೆ ಹೋಗುವ ವೈರನ್ನು ಮಿಷನ್ನಿನಿಂದ ಬಿಡಿಸಿ, ಮಿಷನ್ನಿನ ಬಾಯಲ್ಲೇ ವೋಲ್ಟೇಜ್ ನೋಡಿ. ಬೇಲಿಯದೇ ಟೆಸ್ಟರ್ ಬೇಕು, ಎಲೆಕ್ಟ್ರಿಷಿಯನ್‌ನ ಮಾಮೂಲಿ ಮೀಟರ್ ಇಟ್ಟರೆ ಅದು ಸುಟ್ಟುಹೋಗುತ್ತದೆ. ಅಲ್ಲಿಯೇ ವೋಲ್ಟೇಜ್ ಕಡಿಮೆ ಇದ್ದರೆ ತೊಂದರೆ ಬ್ಯಾಟರಿ, ಪ್ಯಾನೆಲ್ ಇಲ್ಲವೇ ಮಿಷನ್ನಿನದು. ಪ್ಯಾನೆಲ್ ಮೇಲಿನ ಧೂಳು, ಮೇಲೆ ಬೆಳೆದ ಕೊಂಬೆಯ ನೆರಳು, ಟರ್ಮಿನಲ್‌ಗೆ ಹಿಡಿದ ಹಸಿರು ಕಿಲುಬು, ಒಣಗಿದ ಡಿಸ್ಟಿಲ್ಡ್ ವಾಟರ್ ಇಷ್ಟನ್ನು ನೋಡಿ. ತುಂಬಿದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ ಅಂತ ಅರ್ಥ.

ಮಿಷನ್ ಚೆನ್ನಾಗಿದ್ದು ತಂತಿಯಲ್ಲಿ ಏಟಿಲ್ಲದಿದ್ದರೆ ಬೇಲಿಯುದ್ದಕ್ಕೂ ನಡೆಯಲೇಬೇಕು. ತಂತಿಗೆ ತಾಗಿದ ಹುಲ್ಲು, ಲಂಟಾನ, ಬಳ್ಳಿ ಎಲ್ಲವೂ ಏಟನ್ನು ನೆಲಕ್ಕೆ ಇಳಿಸುತ್ತವೆ. ಬಿರುಕುಬಿಟ್ಟ ಇನ್ಸುಲೇಟರ್, ಕಬ್ಬಿಣದ ಕಂಬಕ್ಕೆ ಒರಗಿದ ತಂತಿ, ತುಕ್ಕು ಹಿಡಿದ ಜಾಯಿಂಟ್ ನೋಡಿ. ರಾತ್ರಿ ನಡೆದರೆ ಕಿಡಿ ಕಾಣುತ್ತದೆ, ಚಟಚಟ ಸದ್ದು ಕೇಳುತ್ತದೆ. ಉದ್ದ ಬೇಲಿಯಾದರೆ ನಡುವೆ ಸ್ವಿಚ್ ಹಾಕಿಸಿ, ಅರ್ಧ ಅರ್ಧ ಬಿಡಿಸಿ ನೋಡಿದರೆ ತೊಂದರೆ ಯಾವ ಕಡೆ ಇದೆ ಅಂತ ಬೇಗ ತಿಳಿಯುತ್ತದೆ.

ಇದೆಲ್ಲ ಸರಿಯಿದ್ದೂ ಬೇಲಿ ಹೊಡೆಯದಿದ್ದರೆ ಅರ್ಥಿಂಗ್ ನೋಡಿ. ಎಲ್ಲರೂ ಮರೆಯುವುದು ಇದನ್ನೇ. ಏಟು ತಂತಿಯಿಂದ ಪ್ರಾಣಿಯ ಮೈಗೆ, ಮೈಯಿಂದ ನೆಲಕ್ಕೆ, ನೆಲದಿಂದ ಅರ್ಥ್ ರಾಡ್ ಮೂಲಕ ಮಿಷನ್ನಿಗೆ ವಾಪಸ್ ಬಂದರೇ ಸುತ್ತು ಪೂರ್ತಿ. ಗುತ್ತಿಗೆದಾರರು ಎರಡು ಅಡಿಯ ಒಂದು ರಾಡ್ ನೆಟ್ಟು ಕೈತೊಳೆದುಕೊಂಡ ಜಾಗ ಬೇಕಾದಷ್ಟಿವೆ. ಕನಿಷ್ಠ ಮೂರು ಜಿಐ ರಾಡ್, ಒಂದೊಂದೂ ಆರಡಿ ಆಳ, ಒಂದಕ್ಕೊಂದು ಸುಮಾರು ಮೂರು ಮೀಟರ್ ದೂರ, ಎಲ್ಲವನ್ನೂ ಒಂದೇ ವೈರಿನಲ್ಲಿ ಬಿಗಿಯಾಗಿ ಜೋಡಿಸಿರಬೇಕು. ಮನೆಯ, ಪಂಪ್‌ಸೆಟ್‌ನ, ಟಿಸಿಯ ಅರ್ಥಿಂಗ್‌ನಿಂದ ಹತ್ತು ಮೀಟರ್‌ಗೂ ಆಚೆ ಇರಬೇಕು. ಬೇಸಿಗೆಯಲ್ಲಿ ರಾಡಿನ ಬುಡಕ್ಕೆ ನೀರು ಹಾಕಬೇಕು. ಪರೀಕ್ಷೆಯೂ ಸುಲಭ. ಮಿಷನ್ ಆಫ್ ಮಾಡಿ, ನೂರು ಮೀಟರ್ ಆಚೆ ಬೇಲಿಯ ತಂತಿಗೆ ಕಬ್ಬಿಣದ ಸಲಾಕೆಗಳನ್ನು ಒರಗಿಸಿ ನೆಲಕ್ಕೆ ತಾಗಿಸಿ. ಮತ್ತೆ ಆನ್ ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಆಗ ಅರ್ಥ್ ರಾಡಿನ ಮೇಲೆ ಟೆಸ್ಟರ್ ಇಟ್ಟು ನೋಡಿ. 300 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ರಾಡ್ ಸಾಲದು, ಇನ್ನೊಂದು ನೆಡಿ.

ಇದೇ ಮಿಷನ್ನು ನಾಯಿಗೂ ಆಗುತ್ತದೆ. ತೋಟದ ಮನೆಯ ನಾಯಿ ರಸ್ತೆಗೆ ಹೋಗದಂತೆ ತಡೆಯಬೇಕಾದರೆ ಅದರ ಮೂಗಿನ ಎತ್ತರಕ್ಕೆ ಒಂದು, ಅದರ ಮೇಲೆ ಒಂದು ತಂತಿ ಸಾಕು. ಒಣಗಿದ ಕೂದಲಿಗೆ ಏಟು ಅಷ್ಟಾಗಿ ತಾಗುವುದಿಲ್ಲ, ಒದ್ದೆ ಮೂಗಿಗೆ ತಾಗುತ್ತದೆ. ಒಮ್ಮೆ ತಾಗಿದರೆ ಮತ್ತೆ ಹತ್ತಿರ ಸುಳಿಯುವುದಿಲ್ಲ. ಮೊದಲ ಕೆಲವು ದಿನ ಹಗ್ಗ ಹಿಡಿದು ಬೇಲಿಯ ಅಂಚು ತೋರಿಸಿ, ಹೆದರಿ ಓಡಿ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಿ. ಈಗ ಆನ್‌ಲೈನ್‌ನಲ್ಲಿ ಬರುವ, ನೆಲದಡಿ ವೈರ್ ಹೂತು ನಾಯಿಯ ಕೊರಳಿಗೆ ಶಾಕ್ ಪಟ್ಟಿ ಕಟ್ಟುವ ಬೇಲಿ ನಮ್ಮ ಕಡೆಗೆ ಒಗ್ಗುವುದಿಲ್ಲ. ಅದು ನಾಯಿಯನ್ನು ಒಳಗೆ ನಿಲ್ಲಿಸುತ್ತದೆ, ಚಿರತೆಯನ್ನು ಹೊರಗೆ ನಿಲ್ಲಿಸುವುದಿಲ್ಲ.

ಇಷ್ಟನ್ನು ಒಂದು ಕಾಗದದಲ್ಲಿ ಅಚ್ಚು ಹಾಕಿ, ಒಂದು ಟೆಸ್ಟರ್ ಜೊತೆ ಪ್ರತಿ ಫಲಾನುಭವಿಗೆ ಕೊಡಲು ಎಷ್ಟು ಖರ್ಚಾದೀತು? ಬೇಲಿಯ ಬಿಲ್ಲಿನಲ್ಲಿ ಅದು ಲೆಕ್ಕಕ್ಕೇ ಬರದು.

ಹಾಗಾಗಿ ನನ್ನ ಬೇಡಿಕೆಗಳು. ಗುತ್ತಿಗೆದಾರನಿಗೆ ಪೂರ್ತಿ ಹಣ ಒಂದೇ ಸಲ ಕೊಡಬೇಡಿ. ಒಂದು ಪಾಲನ್ನು ಎರಡನೇ ಮಳೆಗಾಲ ಮುಗಿದ ಮೇಲೆ, ಟೆಸ್ಟರ್ ರೀಡಿಂಗ್ ನೋಡಿ ಬಿಡುಗಡೆ ಮಾಡಿ. ಸಾಮೂಹಿಕ ಬೇಲಿ ಇರುವ ಊರಲ್ಲಿ ಬೇಲಿ ನೋಡಿಕೊಳ್ಳಲು ಅದೇ ಊರಿನ ಒಬ್ಬರಿಗೆ ಸಂಬಳ ಕೊಡಿ, ತಿಂಗಳಿಗೆ ಸರಿಯಾಗಿ ಕೊಡಿ. ತಮಿಳುನಾಡಿನ ಹಾಗೆ ಬೇಲಿಗಳ ನೋಂದಣಿ ಇಲ್ಲಿಯೂ ಬರಲಿ. ಲೈನ್‌ಮ್ಯಾನ್‌ಗಳಿಗೆ ಯಾರ ಹೊಲದಲ್ಲಿ ಡೈರೆಕ್ಟ್ ಲೈನ್ ಇದೆ ಅಂತ ಗೊತ್ತಿರುತ್ತದೆ. ಗೊತ್ತಿದ್ದೂ ಹೇಳದಂತೆ ಅವರನ್ನು ಹೆದರಿಸುವ ಊರ ಗೌಡರು, ಮುಖಂಡರು ಯಾರು ಅಂತ ನಾವು ಬರೆಯೋಣ.

ಕೊನೆಯ ಬೇಡಿಕೆ ನಮ್ಮ ನಮ್ಮಲ್ಲೇ. ಮುಂದಿನ ಸಲ ಇಂಥ ಸಾವಿನ ಸುದ್ದಿ ಬಂದಾಗ, ಕಳಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಆ ಬೇಲಿಗೆ ಎನರ್ಜೈಸರ್ ಇತ್ತೇ? ತಂತಿಗೆ ಕರೆಂಟು ಎಲ್ಲಿಂದ ಬಂದಿತ್ತು? ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ, ಬರೀ ನಿರ್ಲಕ್ಷ್ಯದ ಸಾವೇ, ವಿದ್ಯುತ್ ಕಳ್ಳತನದ 135 ಇದೆಯೇ? 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರು ಬಂದು ನೋಡಿದರೇ, ಅವರ ವರದಿ ಏನು? ವರದಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂರು ತಿಂಗಳ ನಂತರ ಫಾಲೋಅಪ್ ಸುದ್ದಿ ಮಾಡಿ. ಡೆಸ್ಕಿನವರು ಜಾಗ ಇಲ್ಲ ಅಂದರೆ ಇಲ್ಲಿ ಬರೆಯಿರಿ, ಇಲ್ಲಿ ಕಾಲಮ್ಮಿನ ಲೆಕ್ಕವಿಲ್ಲ.

ಉತ್ತರ ಸಿಗುವವರೆಗೆ ‘ತಂತಿಯಲ್ಲಿ ಹರಿದ ವಿದ್ಯುತ್ ತಗುಲಿ ಸಾವು’ ಅಂತ ಬರೆದರೆ ಸಾಕು. ಡೈರೆಕ್ಟ್ ಲೈನ್ ಅಂತ ಖಚಿತವಾದರೆ ‘ಅಕ್ರಮ ವಿದ್ಯುತ್‌ಗೆ ಬಲಿ’ ಅಂತಲೇ ಬರೆಯಿರಿ. ಸತ್ತವನ ಮನೆಯವರಿಗೆ ಪರಿಹಾರ, ಎಳೆದವನಿಗೆ ಶಿಕ್ಷೆ, ಪಕ್ಕದ ಹೊಲದವನಿಗೆ ಎಚ್ಚರಿಕೆ ಎಲ್ಲವೂ ಶುರುವಾಗುವುದು ಆ ಒಂದು ಪದ ಸರಿಯಾದಾಗ.